ಗಾಡಿಯ ಕೀಲಿ ಮನೆಯಲ್ಲೇ ಇರಲಿ

ಬೇಸಿಗೆ ರಜೆ ಮುಗಿದು ಶಾಲೆಗಳು ಮತ್ತೆ ಶುರುವಾಗಿವೆ. ಎರಡು ತಿಂಗಳು ಬೆಳಗಿನ ಹೊತ್ತು ಸುಮ್ಮನಿದ್ದ ಗೋಪನಕೊಪ್ಪದ ರಸ್ತೆಗಳಿಗೆ ಹಳೆಯ ಗದ್ದಲ ಬಂದಿದೆ. ಎಂಟೂವರೆಯಿಂದ ಒಂಬತ್ತೂವರೆಯವರೆಗೆ ನಮ್ಮ ಕಡೆ ಒಂದು ತಾಸು ನಿಂತು ನೋಡಿ. ಕೇಶ್ವಾಪುರದ ಕಡೆಯಿಂದ, ಬೆಂಗೇರಿಯ ಕಡೆಯಿಂದ ಬರುವ ಸ್ಕೂಟರ್‌ಗಳು, ಮಕ್ಕಳನ್ನು ತುಂಬಿಕೊಂಡ ಆಟೋಗಳು, ಹಳದಿ ಬಣ್ಣದ ಶಾಲಾ ಬಸ್ಸು, ಹಾಲಿನ ಗಾಡಿ, ಉಸುಕು ಹೇರಿದ ಟ್ರ್ಯಾಕ್ಟರ್. ಇವೆಲ್ಲದರ ನಡುವೆ, ಬೆನ್ನಿಗಿಂತ ದೊಡ್ಡ ಪಾಟಿಚೀಲ ಹಾಕಿಕೊಂಡು, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು, ರಸ್ತೆ ದಾಟಲು ಕಾಯುತ್ತಿರುವ ಒಂದನೇ ತರಗತಿಯ ಮಗು.

ಪ್ರತಿ ಜೂನ್ ತಿಂಗಳಲ್ಲಿ ಈ ಮಗುವಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು. ಓಡಬೇಡ. ದೊಡ್ಡವರ ಕೈ ಹಿಡಿದುಕೋ. ಎಲ್ಲವೂ ಸರಿಯಾದ ಮಾತುಗಳೇ. ಆದರೆ ಈ ಉಪದೇಶವನ್ನು ನಾವು ತಪ್ಪು ಜನರಿಗೆ ಕೊಡುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಆರು ವರ್ಷದ ಮಗು ಇನ್ನೊಂದಿಷ್ಟು ಹುಷಾರಾದರೆ ನಮ್ಮ ರಸ್ತೆ ಸುರಕ್ಷಿತವಾಗುವುದಿಲ್ಲ. ಹದಿನಾರು, ಹದಿನೇಳು ವರ್ಷದ ನಾವು ಬದಲಾದರೆ ಆಗುತ್ತದೆ. ಶಾಲೆಯ ಹೊತ್ತಿನಲ್ಲಿ ಆ ಮಗುವಿನ ಪಕ್ಕದಲ್ಲೇ ಜೋರಾಗಿ ಹಾಯ್ದು ಹೋಗುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಮೇಲೆ ಕುಳಿತವರು ಪಿಯು ಕಾಲೇಜಿನ ಸಮವಸ್ತ್ರದಲ್ಲಿರುತ್ತಾರೆ.

ಇದನ್ನು ಬೇರೆಯವರತ್ತ ಬೆರಳು ಮಾಡಿ ಹೇಳುತ್ತಿಲ್ಲ. ಮೊದಲು ನನ್ನದೇ ಕತೆ ಹೇಳುತ್ತೇನೆ.

ಕಳೆದ ವರ್ಷ ನಾನು ಪ್ರಥಮ ಪಿಯುಸಿ. ನಮ್ಮ ಭಾಯಿಯ ಸ್ಕೂಟರ್ ಬೆಳಗ್ಗೆ ಮನೆಯಲ್ಲೇ ಇರುತ್ತಿತ್ತು. ಅಬ್ಬಾ ಏಳು ಗಂಟೆಗೇ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಎರಡನೇ ತರಗತಿಯ ನನ್ನ ತಂಗಿಯನ್ನು ಶಾಲೆಗೆ ಬಿಡುವ ಕೆಲಸ ನನಗೆ ಬಂತು. ನನಗೆ ಆಗ ಹದಿನಾರು ವರ್ಷ. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಹಾಕುತ್ತಿರಲಿಲ್ಲ, ತಂಗಿಯನ್ನು ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಜೂನ್ ಕೊನೆಯ ಒಂದು ಬೆಳಗ್ಗೆ ಮಳೆ ಹಿಡಿದಿತ್ತು. ಪೈಪಿಗಾಗಿ ಅಗೆದು ಮುಚ್ಚಿದ ಜಾಗದಲ್ಲಿ ಎರಿ ಮಣ್ಣು ರಸ್ತೆಯ ಮೇಲೆ ಹರಡಿತ್ತು. ತಡವಾಗಿತ್ತು, ಹಾಗಾಗಿ ಜೋರಾಗಿಯೇ ಹೋಗುತ್ತಿದ್ದೆ. ನಿಂತಿದ್ದ ಎರಡು ಆಟೋಗಳ ನಡುವಿನಿಂದ ನೀಲಿ ರೇನ್‌ಕೋಟ್ ಹಾಕಿದ ಹುಡುಗನೊಬ್ಬ ರಸ್ತೆಗೆ ಬಂದ. ಬ್ರೇಕ್ ಒತ್ತಿದೆ. ಗಾಡಿ ಜಾರಿ, ಅಡ್ಡ ತಿರುಗಿ, ಅವನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅವನ ಕೈಯಲ್ಲಿದ್ದ ಟಿಫಿನ್ ಡಬ್ಬಿ ಬಿದ್ದು ಚಪಾತಿ ಕೆಸರಲ್ಲಿ ಹರಡಿತು. ನನ್ನ ತಂಗಿಯ ಗದ್ದ ಹ್ಯಾಂಡಲ್‌ಗೆ ಬಡಿದು ರಕ್ತ ಬಂತು. ಹಿಂದೆಯೇ ಓಡಿ ಬಂದ ಹುಡುಗನ ಅಜ್ಜಿ ನನ್ನನ್ನು ಬೈಯಲಿಲ್ಲ. ಅವನನ್ನು ಎತ್ತಿಕೊಂಡು ಒಂದೇ ಮಾತು ಕೇಳಿದರು: “ಮುಂದ ನಿಂತ ನಿನ್ನ ತಂಗಿ ನಿನಗ ಕಾಣಸ್ತಾಳ, ನನ್ನ ಮೊಮ್ಮಗ ಕಾಣಸಲಿಲ್ಲೇನೋ ತಮ್ಮಾ?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಅವನು ನನಗೆ ಕಾಣಿಸಿರಲಿಲ್ಲ. ಆಟೋದ ಮರೆಯಿಂದ ಹೊರಗೆ ಬರುವವರೆಗೆ ಕಾಣಿಸುವುದು ಸಾಧ್ಯವೂ ಇರಲಿಲ್ಲ. ಆ ವಯಸ್ಸಿನ ಮಗು ಮೂರೂವರೆ, ನಾಲ್ಕು ಅಡಿ ಎತ್ತರ ಇರುತ್ತದೆ. ನಿಂತ ಆಟೋ, ಕಾರು, ಕಸದ ತೊಟ್ಟಿ ಯಾವುದಾದರೂ ಅದನ್ನು ಪೂರ್ತಿ ಮರೆಮಾಡುತ್ತದೆ. ಮಗುವಿಗೂ ಆಚೆ ಬರುವ ಗಾಡಿ ಕಾಣುವುದಿಲ್ಲ. ರೇನ್‌ಕೋಟಿನ ಟೊಪ್ಪಿಗೆ ಅದರ ಅಕ್ಕಪಕ್ಕದ ನೋಟವನ್ನೂ ಮುಚ್ಚುತ್ತದೆ. ಗಾಡಿ ಕಂಡರೂ ಅದು ಎಷ್ಟು ವೇಗದಲ್ಲಿ ಬರುತ್ತಿದೆ, ತನ್ನ ಹತ್ತಿರ ಬರಲು ಎಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡುವ ಶಕ್ತಿ ಚಿಕ್ಕ ಮಕ್ಕಳಿಗೆ ಇನ್ನೂ ಬಂದಿರುವುದಿಲ್ಲ. ಅದು ಮಗುವಿನ ತಪ್ಪಲ್ಲ. ಕಾಣದ ಮಗು ಅಲ್ಲಿ ಇರಬಹುದು ಎಂದು ತಿಳಿದು ನಿಧಾನವಾಗಿ ಹೋಗಬೇಕಾದವನು ಗಾಡಿಯ ಮೇಲಿರುವವನು.

ನಿಧಾನ ಎಂದರೆ ಎಷ್ಟು? ಇದಕ್ಕೆ ಉತ್ತರ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಸರಳರೇಖೆಯಲ್ಲಿ ಚಲನೆ ಎಂಬ ಪಾಠ ನೆನಪಿರಬೇಕು. ಬ್ರೇಕ್ ಹಾಕಿದ ಮೇಲೆ ಗಾಡಿ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಪರೀಕ್ಷೆಗೆಂದು ನಾವೆಲ್ಲ ಅದನ್ನು ಬರೆದಿದ್ದೇವೆ. ಅದನ್ನೇ ನಮ್ಮ ರಸ್ತೆಗೆ ಹಚ್ಚಿ ನೋಡೋಣ. ಮಗು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು ಎಂದುಕೊಳ್ಳಿ. ಒಣ ರಸ್ತೆಯಲ್ಲಿ ಬ್ರೇಕಿನ ಹಿಡಿತ ಪ್ರತಿ ಸೆಕೆಂಡಿಗೆ 6 ಮೀಟರ್‌ನಷ್ಟು ವೇಗ ಇಳಿಸುತ್ತದೆ ಎಂದುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಸುಮಾರು 14 ಮೀಟರ್‌ನಲ್ಲಿ ನಿಲ್ಲುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿಗೆ ಸುಮಾರು 30 ಮೀಟರ್ ಬೇಕು. ಅಂದರೆ ಕ್ರಿಕೆಟ್ ಪಿಚ್ಚಿನ ಒಂದೂವರೆ ಪಟ್ಟು. ಮಳೆಯಲ್ಲಿ ಹಿಡಿತ ಅರ್ಧಕ್ಕೆ ಇಳಿದರೆ ಅದೇ ಗಾಡಿಗೆ ಸುಮಾರು 46 ಮೀಟರ್ ಬೇಕು.

ಇನ್ನೊಂದು ಲೆಕ್ಕ ನೋಡಿ. 50ರ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 14 ಮೀಟರ್ ಹೋಗುತ್ತದೆ. ಮೂವತ್ತರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ, ಐವತ್ತರಲ್ಲಿ ಬಂದವನು ಇನ್ನೂ ಬ್ರೇಕ್ ಹಿಡಿಯಲು ಶುರು ಮಾಡುತ್ತಿರುತ್ತಾನೆ. ಮಗು ಆ ಜಾಗದಲ್ಲಿದ್ದರೆ ಮುಂದಿನದನ್ನು ಬರೆಯಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವು, ನಡೆದು ಹೋಗುವವರು ಮತ್ತು ವಾಹನಗಳು ಬೆರೆಯುವ ಕಡೆ ವೇಗ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು ಹೇಳಿದ್ದು ಸುಮ್ಮನೆ ಅಲ್ಲ.

ಇದು ಸಣ್ಣ ವಿಷಯವೂ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಕಾಲ್ನಡಿಗೆಯಲ್ಲಿದ್ದವರು. ದ್ವಿಚಕ್ರ ವಾಹನದ ಮೇಲಿದ್ದವರು ಸುಮಾರು 75 ಸಾವಿರ. ಹೆಲ್ಮೆಟ್ ಇಲ್ಲದೆ ಸತ್ತವರು 50 ಸಾವಿರ. ಈ ಅಂಕಿಗಳು ಎಷ್ಟು ದೊಡ್ಡವೆಂದರೆ ನಮ್ಮ ಮನಸ್ಸಿಗೆ ತಟ್ಟುವುದೇ ಇಲ್ಲ. ಅದಕ್ಕೆ ನಮ್ಮ ರಾಜ್ಯದ ಎರಡು ಬೆಳಗುಗಳನ್ನು ನೆನೆಯೋಣ. 2016ರ ಜೂನ್ 21ರಂದು, ಶಾಲೆ ಶುರುವಾಗಿ ಕೆಲವೇ ವಾರಗಳಾಗಿದ್ದಾಗ, ಕುಂದಾಪುರ ತಾಲ್ಲೂಕಿನ ತ್ರಾಸಿ ಬಳಿ ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ಸತ್ತರು. ಆ ಚಿಕ್ಕ ಗಾಡಿಯಲ್ಲಿ ಅದು ಹೊರಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳಿದ್ದರು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ಬೆಳಗ್ಗೆ, ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸು ಮತ್ತು ಸಾರಿಗೆ ಬಸ್ಸು ಡಿಕ್ಕಿಯಾಗಿ ಇಬ್ಬರು ಮಕ್ಕಳು ಸತ್ತು, ಇನ್ನೂ ಹಲವರು ಗಾಯಗೊಂಡರು. ಈ ಮಕ್ಕಳಲ್ಲಿ ಯಾರೂ ಬಲಕ್ಕೆ ಎಡಕ್ಕೆ ನೋಡುವುದನ್ನು ಮರೆತು ಸಾಯಲಿಲ್ಲ. ದೊಡ್ಡವರು ನಡೆಸುತ್ತಿದ್ದ ಗಾಡಿಗಳಲ್ಲಿ, ದೊಡ್ಡವರನ್ನು ನಂಬಿ ಕುಳಿತಿದ್ದರು.

ಇನ್ನು ಕಾನೂನಿನ ಮಾತು. “ಹದಿನಾರಕ್ಕೆ ಲೈಸೆನ್ಸ್ ಸಿಗ್ತದಲ್ಲ” ಎಂದು ನಮ್ಮ ಗೆಳೆಯರು ಹೇಳುತ್ತಾರೆ. ಅರ್ಧ ನಿಜ. ಹದಿನಾರಕ್ಕೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ನಮ್ಮ ಮನೆಗಳಲ್ಲಿ ನಿಂತಿರುವ ಸ್ಕೂಟರ್‌ಗಳು 110 ಅಥವಾ 125 ಸಿಸಿಯವು. ಅವಕ್ಕೆ 18 ತುಂಬಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಮನ್ನು ಸೇರಿಸಿದ್ದಾರೆ. ಅದರ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಾನು ಆ ದಿನ ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಕೋರ್ಟಿನಲ್ಲಿ ನಿಲ್ಲಬೇಕಾದವರು ಅಬ್ಬಾ ಮತ್ತು ಭಾಯಿ. ಇದನ್ನು ಮನೆಯಲ್ಲಿ ಓದಿ ಹೇಳಿದಾಗ ಅಮ್ಮಿ ಎದ್ದು ಹೋಗಿ ಗಾಡಿಯ ಕೀಲಿಯನ್ನು ಕಪಾಟಿನಲ್ಲಿ ಇಟ್ಟರು. ಅದು ಈಗಲೂ ಅಲ್ಲೇ ಇದೆ.

ಆದರೆ ಕೀಲಿ ಕಪಾಟಿನಲ್ಲಿಟ್ಟರೆ ಎಲ್ಲರ ತೊಂದರೆ ಮುಗಿಯುವುದಿಲ್ಲ ಎಂಬುದೂ ನನಗೆ ಗೊತ್ತು. ನಮ್ಮ ತರಗತಿಯ ಒಬ್ಬ ಗೆಳತಿ ನನ್ನ ಈ ವಾದಕ್ಕೆ ಎದುರು ಹೇಳಿದಳು: “ಸ್ಕೂಟಿ ಇರದಿದ್ರ ನಾ ಎಸ್ಸೆಸ್ಸೆಲ್ಸಿಗೇ ಓದು ಬಿಡತಿದ್ದೆ.” ಅವಳ ಮಾತು ಸುಳ್ಳಲ್ಲ. ದೂರದ ಬಡಾವಣೆಯಿಂದ ಬರುವ ಹುಡುಗಿಗೆ, ಸಂಜೆ ಪ್ರಾಕ್ಟಿಕಲ್ ಮುಗಿಸಿ ಕತ್ತಲಾದ ಮೇಲೆ ಮನೆಗೆ ಹೋಗುವವಳಿಗೆ, ಸ್ವಂತ ಗಾಡಿ ಎಂದರೆ ಮನೆಯವರ ಒಪ್ಪಿಗೆ. ಅದನ್ನು ಕಿತ್ತುಕೊಂಡು ಓದನ್ನೂ ಕಿತ್ತುಕೊಂಡರೆ ಅದು ನ್ಯಾಯವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಆದರೆ ಬಸ್ಸು ನಮ್ಮ ಓಣಿಗೆ, ನಮ್ಮ ಹೊತ್ತಿಗೆ ಬರಬೇಕಲ್ಲ. ಹುಬ್ಬಳ್ಳಿ-ಧಾರವಾಡ ಮುಖ್ಯ ರಸ್ತೆಯಲ್ಲಿ ಚಿಗರಿ ಬಸ್ಸಿಗೆ ಬೇರೆ ಪಥವೇ ಇದೆ. ಒಳರಸ್ತೆಯ ವಿದ್ಯಾರ್ಥಿಗೆ ಬೇಕಾದದ್ದು ಅಷ್ಟು ದೊಡ್ಡದೂ ಅಲ್ಲ. ಬೆಳಗ್ಗೆ ಒಂದು, ಸಂಜೆ ಒಂದು, ಕಾಲೇಜಿನ ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಇದನ್ನು ಕೇಳುವ ಅರ್ಜಿಗೆ ಗಾಡಿ ಓಡಿಸುವ ಹುಡುಗಿಯರೇ ಮೊದಲು ಸಹಿ ಹಾಕಬೇಕು. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ನಮ್ಮ ಊರಿನಲ್ಲೇ. ಅರ್ಜಿ ಕೊಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಆಟೋಗಳ ಬಗ್ಗೆ ಬರೆಯುವಾಗಲೂ ಕೈ ತಡೆಯುತ್ತದೆ. ನಮ್ಮಲ್ಲಿ ಎಷ್ಟೋ ಜನರ ಅಬ್ಬಾ, ಚಾಚಾ, ಮಾಮಾ ಆಟೋ ಓಡಿಸಿ ನಮ್ಮನ್ನು ಓದಿಸುತ್ತಿದ್ದಾರೆ. ಮೂರು ಜನರ ಆಟೋದಲ್ಲಿ ಎಂಟು ಹತ್ತು ಮಕ್ಕಳನ್ನು ಕೂರಿಸುವುದು ಅವರ ದುರಾಸೆಯಿಂದಷ್ಟೇ ಅಲ್ಲ. ತಿಂಗಳ ಬಾಡಿಗೆ ನೂರು ರೂಪಾಯಿ ಹೆಚ್ಚು ಕೇಳಿದರೆ ಪಾಲಕರು ಬೇರೆ ಆಟೋ ಹುಡುಕುತ್ತಾರೆ. ಹಾಗಾದರೆ ಕಡಿಮೆ ಮಕ್ಕಳನ್ನು ಕರೆದೊಯ್ಯುವವನಿಗೆ ನಷ್ಟ, ತುಂಬುವವನಿಗೆ ಲಾಭ. ಈ ಲೆಕ್ಕವನ್ನು ಬದಲಾಯಿಸಬೇಕಾದವರು ಪಾಲಕರು. ಒಂದೇ ಓಣಿಯ ನಾಲ್ಕೈದು ಮನೆಯವರು ಸೇರಿ, ಒಬ್ಬ ನಂಬಿಕೆಯ ಚಾಲಕರ ಜೊತೆ ಕುಳಿತು, ಇಷ್ಟೇ ಮಕ್ಕಳು, ಇಷ್ಟು ಹಣ, ಡ್ರೈವರ್ ಸೀಟಿನ ಪಕ್ಕ ಯಾರೂ ಕೂರಬಾರದು, ಚೀಲ ಹೊರಗೆ ಜೋತುಬೀಳಬಾರದು ಎಂದು ಮಾತಾಡಿಕೊಳ್ಳಬಹುದು. ಇನ್ನೊಂದು ಮಾತನ್ನೂ ಸೇರಿಸಬೇಕು: ಮಕ್ಕಳನ್ನು ಶಾಲೆಯ ಗೇಟು ಇರುವ ಬದಿಗೇ ಇಳಿಸಬೇಕು. ಎದುರು ಬದಿಗೆ ಇಳಿಸಿ “ದಾಟಿ ಹೋಗು” ಎಂದರೆ ಅಲ್ಲಿಯವರೆಗೆ ತಂದು ಬಿಟ್ಟದ್ದೇ ವ್ಯರ್ಥ.

ಸ್ವಂತ ಗಾಡಿಯಲ್ಲಿ ಮಕ್ಕಳನ್ನು ಕರೆತರುವ ಪಾಲಕರಿಗೂ ಎರಡು ಮಾತು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಬೈಕಿನ ಮೇಲೆ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿಗೆ 2023ರ ಫೆಬ್ರವರಿಯಿಂದ ಹೆಲ್ಮೆಟ್ ಜೊತೆಗೆ ಓಡಿಸುವವರಿಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಯೂ ಬೇಕು, ವೇಗ 40 ಮೀರಬಾರದು. ಅಪ್ಪ ಹೆಲ್ಮೆಟ್ ಹಾಕಿಕೊಂಡು, ಹಿಂದೆ ಕೂತ ಮಗಳು ಬರಿ ತಲೆಯಲ್ಲಿ ಇರುವುದನ್ನು ದಿನವೂ ನೋಡುತ್ತೇವೆ. ಪೊಲೀಸರ ದಂಡಕ್ಕೆ ಹೆದರಿ ಹಾಕಿದ ಹೆಲ್ಮೆಟ್ ಅದು. ಮಗಳ ಮೇಲಿನ ಪ್ರೀತಿಗಾಗಿ ಇನ್ನೊಂದು ಕೊಳ್ಳಬೇಕು.

ರಸ್ತೆಯ ಹಕ್ಕುಗಳ ಬಗ್ಗೆ ನಮಗೆ ಚಿಕ್ಕಂದಿನಿಂದಲೇ ಕಲಿಸಿದ್ದಾರೆ. ದಾರಿಯಲ್ಲಿ ಬಿದ್ದ ಮುಳ್ಳನ್ನೋ ಕಲ್ಲನ್ನೋ ಸರಿಸುವುದೂ ಒಂದು ದಾನ, ಅದು ಈಮಾನಿನ ಒಂದು ಭಾಗ ಎಂದು ಮದರಸಾದಲ್ಲಿ ಕಲಿತವರು ನಾವು. ಬೇರೆ ಮನೆಗಳಿಂದ ಬಂದ ಗೆಳೆಯರಿಗೂ ಅವರ ಹಿರಿಯರು ಇಂಥದ್ದೇ ಮಾತು ಹೇಳಿರುತ್ತಾರೆ. ದಾರಿಯ ಮುಳ್ಳನ್ನು ಸರಿಸುವುದು ಪುಣ್ಯವಾದರೆ, ನಾನೇ ದಾರಿಯ ಮುಳ್ಳಾಗುವುದು ಏನು? ಜುಮ್ಮಾ ನಮಾಜಿಗೆ ತಡವಾಯಿತೆಂದು ಓಣಿಯಲ್ಲಿ ಗಾಡಿ ಹಾರಿಸಿಕೊಂಡು ಹೋಗುವವರೂ, ಮಸೀದಿಯ ಮುಂದೆ ಅರ್ಧ ರಸ್ತೆಗೆ ಗಾಡಿ ನಿಲ್ಲಿಸಿ ಮಕ್ಕಳನ್ನು ರಸ್ತೆಯ ನಡುವೆ ನಡೆಯುವಂತೆ ಮಾಡುವವರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಹಾಗಾದರೆ ಏನು ಮಾಡೋಣ? ದೊಡ್ಡ ಅಭಿಯಾನ, ಬ್ಯಾನರ್, ರ್‍ಯಾಲಿ ನನಗೆ ಬೇಡ. ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಭಾಷಣ ಕೇಳಿ, ಅದೇ ಸಂಜೆ ತ್ರಿಬಲ್ ರೈಡಿಂಗ್‌ನಲ್ಲಿ ಮನೆಗೆ ಹೋದವರು ನಾವೇ. ಅದಕ್ಕೆ ಸಣ್ಣ ಸಣ್ಣ ಕೆಲಸಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ನಮ್ಮದು. ಹದಿನೆಂಟು ತುಂಬದವರು ಗಾಡಿ ತರುವುದು ಬೇಡ. ಕಾಲೇಜಿನ ಆವರಣದಲ್ಲಿ ನಿಲ್ಲಿಸಲು ಬಿಡುವುದಿಲ್ಲವೆಂದು ಹಿಂದಿನ ಓಣಿಯಲ್ಲಿ, ಕಿರಾಣಿ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿ ಬರುವುದೂ ಬೇಡ. ಗುರುಗಳಿಗೆ ಮೋಸ ಮಾಡಬಹುದು, ಬ್ರೇಕಿನ ಲೆಕ್ಕಕ್ಕೆ ಮೋಸ ಮಾಡಲಾಗುವುದಿಲ್ಲ.

ಎರಡನೆಯದು, ಜೊತೆಯಾಗಿ ನಡೆಯುವುದು. ಒಂದೇ ಓಣಿಯಿಂದ ಹೊರಡುವ ಚಿಕ್ಕ ಮಕ್ಕಳು ಐದಾರು ಜನ ಇದ್ದೇ ಇರುತ್ತಾರೆ, ಅದೇ ಓಣಿಯಿಂದ ಕಾಲೇಜಿಗೆ ಬರುವ ನಾವು ಒಬ್ಬಿಬ್ಬರು ಇದ್ದೇ ಇರುತ್ತೇವೆ. ಒಂದು ಹೊತ್ತು ಗೊತ್ತು ಮಾಡಿ ಎಲ್ಲರೂ ಸೇರಿ ನಡೆದರೆ ಆಯಿತು. ಫುಟ್‌ಪಾತ್ ಇಲ್ಲದ ಕಡೆ ಬಲಬದಿಗೆ, ಎದುರು ಬರುವ ಗಾಡಿ ಕಾಣುವಂತೆ ನಡೆಯಬೇಕು. ದೊಡ್ಡವರು ರಸ್ತೆಯ ಬದಿಗೆ, ಚಿಕ್ಕವರು ಒಳಬದಿಗೆ. ನಿಂತ ಗಾಡಿಗಳ ನಡುವಿನಿಂದ ದಾಟಬಾರದು. ಮಳೆಗಾಲದಲ್ಲಿ ಕಪ್ಪು ಅಥವಾ ಕಡು ನೀಲಿ ರೇನ್‌ಕೋಟಿಗಿಂತ ಹಳದಿ, ಕಿತ್ತಳೆ ಬಣ್ಣದ್ದು ದೂರದಿಂದ ಕಾಣುತ್ತದೆ.

ಮೂರನೆಯದು ನಮ್ಮ ಗುರುಗಳಿಗೆ ಮತ್ತು ಆಡಳಿತ ಮಂಡಳಿಗೆ ವಿನಂತಿ. ಸುತ್ತಲಿನ ಪ್ರೈಮರಿ ಶಾಲೆಗಳು ಬಿಡುವ ಹೊತ್ತಿಗೇ ನಾವೂ ಹೊರಗೆ ನುಗ್ಗುತ್ತೇವೆ. ಹತ್ತು ನಿಮಿಷ ಹಿಂದೆ ಮುಂದೆ ಮಾಡಿದರೆ ಅರ್ಧ ಗದ್ದಲ ಕಡಿಮೆಯಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಪಾಲಕರ ಸಭೆಯಲ್ಲಿ ಅಂಕಗಳ ಜೊತೆಗೆ ಗಾಡಿಯ ಕೀಲಿಯ ಬಗ್ಗೆಯೂ ಐದು ನಿಮಿಷ ಮಾತಾಡಿ. ನಮ್ಮ ಮಾತಿಗಿಂತ ನಿಮ್ಮ ಮಾತನ್ನು ಮನೆಯವರು ಕೇಳುತ್ತಾರೆ.

ನಾಲ್ಕನೆಯದು ಮಹಾನಗರ ಪಾಲಿಕೆಗೆ ಮತ್ತು ಸಂಚಾರ ಪೊಲೀಸರಿಗೆ. ಶಾಲೆಗಳ ಮುಂದೆ ಬಣ್ಣ ಬಳಿದ, ರಾತ್ರಿಯೂ ಕಾಣುವ ಹಂಪ್ಸ್, ಜೀಬ್ರಾ ಪಟ್ಟಿ, ಶಾಲಾ ವಲಯ ಎಂಬ ಫಲಕ, ಬೆಳಗ್ಗೆ ಒಂದು ತಾಸು ಭಾರಿ ಗಾಡಿಗಳಿಗೆ ತಡೆ. ರಸ್ತೆ ಅಗೆದವರು ಮುಚ್ಚಿ, ಮಣ್ಣು ತೆಗೆದು, ಡಾಂಬರು ಹಾಕಿಯೇ ಹೋಗಬೇಕು. ಈ ಅರ್ಜಿಯನ್ನು ಕನ್ನಡ ಮೇಷ್ಟ್ರ ಸಹಾಯದಿಂದ ನಾವು ಈಗಾಗಲೇ ಬರೆದಿದ್ದೇವೆ. ಸಹಿ ಮಾಡಲು ಗ್ರಂಥಾಲಯದ ಮೇಜಿನ ಮೇಲೆ ಇದೆ.

ಕೊನೆಯದಾಗಿ, ಅಪಘಾತ ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡುವುದನ್ನು ಬಿಟ್ಟು 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಗಾಯಗೊಂಡವರಿಗೆ ನೆರವಾದವರನ್ನು ಪೊಲೀಸರು ಸುಮ್ಮನೆ ಸಿಕ್ಕಿಸುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಇದಕ್ಕೂ ಕಾಯ್ದೆಯ ರಕ್ಷಣೆ ಇದೆ.

ನಾನೀಗ ತಂಗಿಯ ಜೊತೆ ನಡೆದೇ ಬರುತ್ತೇನೆ. ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಮೊದಲ ವಾರ ಬೇಸರವಾಗಿತ್ತು, ಗೆಳೆಯರು ಗಾಡಿಯಲ್ಲಿ ಹಾಯ್ದು ಹೋಗುತ್ತಾ ನಕ್ಕದ್ದೂ ಇದೆ. ಅವಳ ಗದ್ದದ ಮೇಲಿನ ಗಾಯ ಮಾಗಿದೆ, ಆದರೆ ಕಲೆ ಉಳಿದಿದೆ. ಆ ನೀಲಿ ರೇನ್‌ಕೋಟಿನ ಹುಡುಗ ಈಗ ನಮ್ಮ ಜೊತೆಗೇ ನಡೆಯುತ್ತಾನೆ. ಅವನ ಅಜ್ಜಿ ಓಣಿಯ ತುದಿಯವರೆಗೆ ಬಂದು, ಅವನ ಕೈಯನ್ನು ನನ್ನ ಕೈಗೆ ಕೊಟ್ಟು ಹಿಂದಿರುಗುತ್ತಾರೆ. ಹಿಂದಿನದನ್ನು ಅವರು ಒಮ್ಮೆಯೂ ಎತ್ತಿ ಆಡಿಲ್ಲ.

ಬರುವ ಸೋಮವಾರದಿಂದ ಎಂಟೂಮುಕ್ಕಾಲಿಗೆ ನಾವು ನಾಲ್ಕು ಜನ ಗೇಟಿನ ಎದುರು, ಚಿಕ್ಕ ಮಕ್ಕಳು ದಾಟುವ ಜಾಗದಲ್ಲಿ ನಿಂತಿರುತ್ತೇವೆ. ಇನ್ನೂ ನಾಲ್ಕು ಜನ ಬಂದರೆ ಸಂಜೆಗೂ ನಿಲ್ಲಬಹುದು. ಬರುವವರು ನಡೆದೇ ಬನ್ನಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ